ಹಾಲನ್ ಮಾವನ ಬಲಗೈ

ನನ್ನ ಅಕ್ಷರ ಚೆನ್ನಾಗಿಲ್ಲ, ನನ್ನಲ್ಲಿರುವ ಮಾತುಗಳೂ ಕಡಿಮೆ, ಓದುವವರು ಕ್ಷಮಿಸಬೇಕು. ಶಾಲೆಯಲ್ಲಿ ಕಲಿತದ್ದು ತಮಿಳು, ಅದನ್ನೂ ಹನ್ನೊಂದನೆಯ ತರಗತಿಯಲ್ಲಿ ಬಿಟ್ಟೆ. ಕನ್ನಡ ಕಲಿಸಿದವರು ಗುಂಡ್ಲುಪೇಟೆಯಿಂದ ಊಟಿ ಬೆಟ್ಟದ ನಮ್ಮ ಹಟ್ಟಿಗೆ ಮದುವೆಯಾಗಿ ಬಂದ ನಂದಿನಿ ಅಕ್ಕ. ಪ್ರತಿ ವಾಕ್ಯವನ್ನು ಪೆನ್ಸಿಲಿನಲ್ಲಿ ಬರೆದು, ಅವರಿಗೆ ತೋರಿಸಿ, ಆಮೇಲೆ ಪೆನ್ನು ಹಿಡಿದಿದ್ದೇನೆ. ಅಕ್ಷರದಲ್ಲಿ ತಪ್ಪಿರಬಹುದು. ಹೇಳಹೊರಟ ಮನುಷ್ಯನ ವಿಷಯದಲ್ಲಿ ನನಗೆ ಸಂಶಯವಿಲ್ಲ.

ಹಾಲನ್ ಮಾವನನ್ನು ನೋಡಿದವರು ಮೊದಲು ನೋಡುವುದು ಅವರ ಬಲಗೈಯನ್ನು. ಅದು ಅವರ ಮೈಗೆ ಹೊಂದದಷ್ಟು ದೊಡ್ಡದು. ಚಹಾ ಗಿಡಗಳ ರೆಂಬೆ ಕತ್ತರಿಸಿ ಕವಾತು ಮಾಡಿ ಮಾಡಿ ಅಂಗೈ ಮರದ ತೊಗಟೆಯಂತಾಗಿದೆ, ಹೆಬ್ಬೆರಳು ಸ್ವಲ್ಪ ಹೊರಕ್ಕೆ ಬಾಗಿದೆ. ನಮ್ಮಲ್ಲಿ ಹಿರಿಯರು ಎದುರಾದರೆ ಕಿರಿಯರು ತಲೆ ಬಾಗಿಸಿ ನಿಲ್ಲುತ್ತಾರೆ, ಹಿರಿಯರು ತಲೆಯ ಮೇಲೆ ಕೈಯಿಟ್ಟು ಹರಸುತ್ತಾರೆ. ಈಗಿನ ಹಿರಿಯರು ನೊಣ ಓಡಿಸಿದಂತೆ ಮುಟ್ಟಿ ಮುಂದೆ ಹೋಗುತ್ತಾರೆ. ಹಾಲನ್ ಮಾವ ಹಾಗಲ್ಲ. ಅವರು ನಿಲ್ಲುತ್ತಾರೆ, ಕೈಯ ಪೂರ್ತಿ ಭಾರವನ್ನು ತಲೆಯ ಮೇಲೆ ಇಳಿಸುತ್ತಾರೆ, ಅವಸರವಿಲ್ಲದೆ ಹೇಳುತ್ತಾರೆ: "ಬಾ ಅಮ್ಮಿ, ಬದುಕು. ಒಂದು ನೂರಾಗಲಿ. ಇಟ್ಟ ಹೆಜ್ಜೆ ಹಸಿರಾಗಲಿ. ಒಲೆ ತಣ್ಣಗಾಗದೆ ಇರಲಿ."

ಒಮ್ಮೆ ಊಟಿ ಬಸ್ಸಿನ ಬಾಗಿಲಲ್ಲಿ ಏಳು ಮಕ್ಕಳು ಸಾಲಾಗಿ ತಲೆ ಬಾಗಿಸಿದರು. ಏಳು ಹರಕೆ ಮುಗಿಯುವವರೆಗೆ ಬಸ್ಸು ಹೊರಡಲಿಲ್ಲ. "ತಲೈವರೆ, ಟಿಕೆಟ್ ತೆಗೆದ ಮೇಲೆ ಹರಸಿ," ಎಂದು ಕಂಡಕ್ಟರ್ ಗೊಣಗಿದ. ಮಾವ ಅವನ ತಲೆಯ ಮೇಲೂ ಕೈಯಿಟ್ಟು ಎಂಟನೆಯದನ್ನು ಶುರು ಮಾಡಿದರು.

ಅವರು ನಮ್ಮ ಪಂಚಾಯತ್ ಅಧ್ಯಕ್ಷರು, ತಮಿಳಿನಲ್ಲಿ ತಲೈವರು. ಜೀವಮಾನವೆಲ್ಲ ಇಳಿಜಾರಿನಲ್ಲಿ ನಡೆದವರಾದ್ದರಿಂದ ಸಮತಟ್ಟಾದ ರಸ್ತೆಯಲ್ಲೂ ಮೊಣಕಾಲೆತ್ತಿ ಹೆಜ್ಜೆಯಿಡುತ್ತಾರೆ. ತಲೆಗೆ ಬಿಳಿ ರುಮಾಲು. ಮೈಮೇಲೆ ಊಟಿಯ ಹಳೆಬಟ್ಟೆ ಅಂಗಡಿಯಲ್ಲಿ ಕೊಂಡ, ಯಾರೋ ಎತ್ತರದವರಿಗೆ ಹೊಲಿದ ಕಂದು ಕೋಟು. ಕೇಳಿದವರಿಗೆ ಅವರು ಕೊಡುವ ಉತ್ತರ ಎರಡೇ. ಆಗುವುದಾದರೆ "ಆಕು", ಆಗದಿದ್ದರೆ "ಆಗ". ಈ ಎರಡು ಮಾತಿನಿಂದಲೇ ಅವರು ಚುನಾವಣೆ ಗೆದ್ದರೆಂದು ನಮ್ಮಜ್ಜಿ ಕಾಳಮ್ಮ ಹೇಳುತ್ತಾಳೆ. ಓಟು ಕೇಳುವಾಗ ಮೂರನೆಯ ಮಾತೊಂದನ್ನೂ ಅವರು ಹೇಳಿದ್ದರು: "ನಿಮ್ಮ ಒಲೆ ಹತ್ತಿದ ಮೇಲೆಯೇ ಎನ್ನ ಒಲೆ ಹತ್ತಲಿ."

ಹೇಳಿದಂತೆ ನಡೆದರು. ಗ್ಯಾಸ್ ಲಾರಿ ತಿರುವಿನಲ್ಲಿ ನಿಂತಾಗ ಖಾಲಿ ಸಿಲಿಂಡರ್ ಹೆಗಲಿಗೇರಿಸಿಕೊಂಡು ಸಾಲಿನ ಕೊನೆಗೆ ನಿಲ್ಲುತ್ತಿದ್ದರು. ಸಿಲಿಂಡರ್ ಬೆಲೆ ಸಾವಿರದ ನೂರು ದಾಟಿ, ಎಣ್ಣೆ ಬೇಳೆಗಳೂ ಅದರ ಹಿಂದೆಯೇ ಏರಿ, ನಮ್ಮ ಚಹಾದ ಹಸಿರೆಲೆಯ ಬೆಲೆ ಮಾತ್ರ ಇದ್ದಲ್ಲೇ ಉಳಿದಾಗ ಹಟ್ಟಿಯ ಎಷ್ಟೋ ಮನೆಗಳು ಸೌದೆ ಒಲೆಗೆ ಮರಳಿದವು. ಮೊದಲು ಮರಳಿದ್ದು ಅವರ ಮನೆ. ಅವರ ಹೆಂಡತಿ ಕಮಲಂ ಅತ್ತೆಗೆ ಹೊಗೆ ಆಗದು. ಅವರ ತೋಟದಲ್ಲಿ ಎಲೆ ಕೀಳಲು ಹೋಗುವ ನನಗೆ ಅತ್ತೆಯ ಕೆಮ್ಮು ಮೂರು ಸಾಲು ಗಿಡಗಳಾಚೆಗೂ ಕೇಳಿಸುತ್ತಿತ್ತು.

ಆ ಕೆಮ್ಮನ್ನು ಮುರಳೀಧರನ್ ಎಂಬ ಕಂಟ್ರಾಕ್ಟರೂ ಕೇಳಿಸಿಕೊಂಡ. ಮೇಲಿನ ಗುಡ್ಡದಲ್ಲಿ ಪ್ರವಾಸಿಗರಿಗೆಂದು ಕಾಟೇಜು ಕಟ್ಟಿಸುತ್ತಿದ್ದವನು. ಒಂದು ದಿನ ಅವನ ಜೀಪು ಬಂದು ಸಿಲಿಂಡರ್ ಇಳಿಸಿತು. "ಅಕ್ಕನ ಕೆಮ್ಮಿಗೆ ಮದ್ದು ಎಂದುಕೊಳ್ಳಿ," ಎಂದ. ಮಾವ ಅಂಗಳದಲ್ಲೇ ಇದ್ದರು. "ಆಗ" ಎನ್ನಬೇಕಿತ್ತು. ಒಳಗೆ ಅತ್ತೆ ಕೆಮ್ಮುತ್ತಿದ್ದರು. ಅವರು ಏನೂ ಹೇಳಲಿಲ್ಲ. ಹಾಗೆ ಮೂರು ಸಿಲಿಂಡರ್ ಬಂದವು. ಆ ಒಲೆಯಲ್ಲಿ ಕಾಸಿದ ಟೀಯನ್ನು ನಾನೂ ಕುಡಿದಿದ್ದೇನೆ. ಇದನ್ನು ಬರೆಯದಿದ್ದರೆ ಉಳಿದದ್ದನ್ನು ಬರೆಯುವ ಹಕ್ಕು ನನಗಿರುವುದಿಲ್ಲ.

ಮೂರನೆಯದು ಬಂದ ವಾರ ಅವನೇ ಒಂದು ಕಾಗದ ಹಿಡಿದು ಬಂದ. ನಮ್ಮ ಹಟ್ಟಿಗೆ ನೀರು ಬರುವ ಒರತೆಯಿಂದ ಕಾಟೇಜಿಗೆ ಪೈಪು ಎಳೆಯಲು ಪಂಚಾಯತ್ ಒಪ್ಪಿಗೆ ಬೇಕಿತ್ತು. ನಾನು ಹಿತ್ತಿಲಲ್ಲಿ ಎಲೆಯ ಚೀಲ ಒಗೆಯುತ್ತಿದ್ದೆ. ಆ ಒರತೆ ಮಾಘ ಮಾಸದಲ್ಲಿ ಬೆರಳಿನಷ್ಟಾಗುತ್ತದೆ, ಎಲ್ಲರಿಗೂ ಗೊತ್ತು. ಉತ್ತರ ಒಂದೇ ಮಾತಿನದು. ಆ ಮಾತಿಗೆ ಕಾಯುತ್ತ ನನ್ನ ಕೈ ನೀರಿನಲ್ಲೇ ನಿಂತಿತು.

"ನೋಡುವೊ," ಎಂದರು ಮಾವ.

ಆ ದಿನದಿಂದ ಅವರ ಬಲಗೈ ಕೋಟಿನ ಜೇಬು ಸೇರಿತು. ಮಕ್ಕಳು ತಲೆ ಬಾಗಿಸಿದರೆ ಹರಕೆಯನ್ನು ಬಾಯಿಂದ ಹೇಳುತ್ತಿದ್ದರು, ಕೈ ಹೊರಗೆ ಬರುತ್ತಿರಲಿಲ್ಲ. ಕೈಗೆ ವಾತ ಹಿಡಿದಿದೆ ಎಂದರು ಕೆಲವರು. ಕಾಡೆಮ್ಮೆ ತುಳಿದು ಬೆರಳುಗಳೇ ಇಲ್ಲವೆಂದು ಮಕ್ಕಳು ನಂಬಿದರು. ನಮ್ಮಜ್ಜಿ ಮಾತ್ರ ಎದುರಿಗೇ ಕೇಳಿದಳು: "ಏನ ಹಾಲಾ, ಓಟು ಕೇಳುವಾಗ ಎರಡು ಕೈ ಇತ್ತು. ಈಗ ಒಂದು ಯಾರಿಗೆ ಕೊಟ್ಟೆ?"

ಮುಂದಿನ ಸೋಮವಾರ, ನಮ್ಮಲ್ಲಿ ಯಾರೂ ತೋಟಕ್ಕೆ ಹೋಗದ ದಿನ, ಹಿರಿಯರು ಕೂಡುವ ಹುಲ್ಲು ಬಯಲಿಗೆ ಮಟಮಟ ಮಧ್ಯಾಹ್ನ ಮಾವ ಸಿಲಿಂಡರ್ ಹೊತ್ತುಕೊಂಡು ಬಂದರು. ಇನ್ನೂ ಸೀಲು ಒಡೆಯದ ಮೂರನೆಯದು ಅದು. ಹುಲ್ಲಿನ ಮೇಲೆ ಇಳಿಸಿ, ಎಲ್ಲವನ್ನೂ ಮೊದಲಿನಿಂದ ಹೇಳಿದರು. ಅವರು ಅಷ್ಟು ಉದ್ದ ಮಾತನಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

"ಮೂರು ಸಿಲಿಂಡರಿಗೆ ನೀರು ಕೊಟ್ಟೆಯಾ?" ಎಂದಳು ಅಜ್ಜಿ.

"ಕೊಡಲಿಲ್ಲೆ, ಅಕ್ಕಾ. ಇಂದು ಬೆಳಗ್ಗೆ ಅವನಿಗೆ 'ಆಗ' ಎಂದೆ. ಆದರೆ ಅಂದು ಹೇಳಲಿಲ್ಲೆ."

ಹಾಲಿ ಎಂಬ ಎಲೆ ವ್ಯಾಪಾರಿ ನಕ್ಕ. "ಬೇರೆ ತಲೈವರು ಕಾರು ತಕ್ಕೊಂಬರು. ನಮ್ಮವರು ಗ್ಯಾಸ್ ತಕ್ಕೊಂಡರು. ಇದಕ್ಕೂ ಕೂಟ ಸೇರಬೇಕ?" ಕೆಲವರು ನಕ್ಕರು. ಮಾವ ನಗಲಿಲ್ಲ. ಉರಿಸಿದ ಎರಡರ ಬೆಲೆಯನ್ನು ಅವನಿಗೆ ತಲುಪಿಸಿ ಆಯಿತು, ಇದನ್ನು ಇಂದೇ ಹಿಂದಿರುಗಿಸುವೆ ಎಂದರು.

"ಮತ್ತೆ ಮುಗಿಯಿತಲ್ಲ, ಕೈ ತೆಗೆ," ಎಂದಳು ಅಜ್ಜಿ.

"ದುಡ್ಡು ಕೊಟ್ಟೆ. 'ನೋಡುವೊ' ಅಂದೆನಲ್ಲ, ಅದನ್ನ ಎಲ್ಲಿ ಹಿಂದಕ್ಕೆ ಕೊಡಲಿ?"

ಹಟ್ಟಿ ಅವರನ್ನು ಆ ಸಂಜೆಯೇ ಕ್ಷಮಿಸಿತು. ಒರತೆಯ ನೀರು ನಮ್ಮದಾಗಿಯೇ ಉಳಿಯಿತು. ಕಮಲಂ ಅತ್ತೆಯ ಅಡುಗೆಮನೆಗೆ ಹೊಗೆ ಹೋಗುವ ಹೊಸ ಕೊಳವೆಯನ್ನು ಮಾವನೇ ಛಾವಣಿ ಹತ್ತಿ ಕೂರಿಸಿದರು, ಎಡಗೈಯಲ್ಲಿ ಹೆಚ್ಚು, ಬಲಗೈಯಲ್ಲಿ ಕಡಿಮೆ. ಆದರೆ ಎರಡು ತಿಂಗಳಾಯಿತು, ಆ ಕೈ ಯಾರ ತಲೆಯನ್ನೂ ಮುಟ್ಟಿಲ್ಲ. ಅವರಿಗೆ ನೋವಾದೀತೆಂದು ಜನರೂ ತಲೆ ಬಾಗಿಸುವುದನ್ನು ಬಿಟ್ಟಿದ್ದಾರೆ. ದೂರದಿಂದಲೇ ಮಾತಾಡಿಸಿ ದಾರಿ ಬದಲಿಸುತ್ತಾರೆ. ದಯೆಯಿಂದ ಮಾಡುವ ಈ ಕೆಲಸ ಅವರನ್ನು ಹೆಚ್ಚು ಒಂಟಿಯಾಗಿಸಿದೆ ಎಂದು ನನಗೆ ಕಾಣುತ್ತದೆ.

ನಾನು ಶಾಲೆ ಬಿಟ್ಟ ದಿನ ಎಲ್ಲರೂ ಬುದ್ಧಿ ಹೇಳಿದರು. ಹಾಲನ್ ಮಾವ ಒಬ್ಬರೇ ಏನೂ ಕೇಳದೆ ತಲೆಯ ಮೇಲೆ ಕೈಯಿಟ್ಟು, ಒಂದು ಮಾತೂ ಕಡಿಮೆ ಮಾಡದೆ, ಪಾಸಾದವರಿಗೆ ಹೇಳುವ ಹರಕೆಯನ್ನೇ ಹೇಳಿದರು. ಆ ಭಾರ ನನಗೆ ಇನ್ನೂ ನೆನಪಿದೆ.

ತಪ್ಪೇ ಮಾಡದ ನಾಯಕರಿದ್ದಾರೆಂದು ಕೇಳಿದ್ದೇನೆ, ನೋಡಿಲ್ಲ. ತಪ್ಪು ಮಾಡಿ ಎರಡೂ ಕೈ ಬೀಸುತ್ತ ನಡೆಯುವವರನ್ನು ಪೋಸ್ಟರುಗಳಲ್ಲಿ ದಿನವೂ ನೋಡುತ್ತೇನೆ. ಇವೆರಡರ ನಡುವೆ ಮೂರನೆಯ ಜಾತಿಯ ಜನ ಇದ್ದಾರೆ: ಊರು ಕ್ಷಮಿಸಿದ ಮೇಲೂ ತಮ್ಮ ಕೈಯನ್ನು ತಾವೇ ನಂಬದವರು. ಅಂಥವರಿಂದಲೇ ಊರಿನ ನೀರು ಊರಿನಲ್ಲಿ ಉಳಿಯುತ್ತದೆ. ಆದರೆ ತಮಗೆ ತಾವೇ ಕೊಟ್ಟುಕೊಂಡ ಶಿಕ್ಷೆಗೆ ಅವರು ಕೊನೆ ಹಾಕಲಾರರು. ಅದನ್ನು ಇನ್ನೊಬ್ಬರು ಹಾಕಬೇಕು, ಅದೂ ಮಾತಿನಿಂದಲ್ಲ.

ನಾಳೆ ಬೆಳಗ್ಗೆ ಎಲೆಯ ವ್ಯಾನು ಬರುವ ಹೊತ್ತಿಗೆ ಅವರು ತಿರುವಿನಲ್ಲಿ ಇರುತ್ತಾರೆ. ನಾನು ಚೀಲ ಕೆಳಗಿಟ್ಟು ಅವರ ಮುಂದೆ ತಲೆ ಬಾಗಿಸುತ್ತೇನೆ. ಅವರ ಕೈ ತಾಗುವವರೆಗೆ ತಲೆ ಎತ್ತುವುದಿಲ್ಲ.