ಗುಡಿಯ ಕೊಠಡಿಗೆ ತಂದ ಡಿಸ್ಕ್

ಆ ದಿನ ಬೆಳಿಗ್ಗೆ ಆಷಾಢದ ಗಾಳಿ ಜೋಗುಪಾಳ್ಯದ ಮಹಡಿಗಳ ಮೇಲೆ ಒಣಹಾಕಿದ್ದ ಬಟ್ಟೆಗಳನ್ನೆಲ್ಲ ಒಂದೇ ದಿಕ್ಕಿಗೆ ತಿರುಗಿಸಿತ್ತು. ಮೋಡವಿತ್ತು, ಮಳೆಯಿರಲಿಲ್ಲ. ಗ್ರಾಮದೇವತೆಯ ಗುಡಿಯ ಹಿಂದಿನ ಕೊಠಡಿಯಲ್ಲಿ ಯಮುನಾ ತಾನೇ ಆರಿಸಿ ತಂದ ಕಂಪ್ಯೂಟರುಗಳ ಮೇಲಿನ ಧೂಳು ಒರೆಸುತ್ತಿದ್ದಳು.

ಸುತ್ತಲಿನ ಮನೆಗಳ ಹುಡುಗಿಯರಿಗೆ ಅವಳು ಅಲ್ಲಿ ಪುಕ್ಕಟೆ ಪಾಠ ಹೇಳುತ್ತಿದ್ದಳು. ಒಂದು ಕಂಪ್ಯೂಟರಿನ ಹೊಟ್ಟೆಯೊಳಗೆ ಇನ್ನೊಂದನ್ನು ಓಡಿಸುವುದು ಈ ಸಲದ ಪಾಠ. ಆದರೆ ಕೊಠಡಿಗೆ ಇಂಟರ್ನೆಟ್ ಇಲ್ಲ. ದೇವರ ಜಾಗದಲ್ಲಿ ಅದು ಬೇಡವೆಂದು ಹಿರಿಯರು ತೀರ್ಮಾನಿಸಿದ್ದರು. ಬೇಕಾದುದೆಲ್ಲ ಒಂದೇ ಡಿಸ್ಕಿನಲ್ಲಿ ಬರಬೇಕಿತ್ತು. ಅದನ್ನು ಮಾಡಿಕೊಡಲು ಇಂದಿರಾನಗರದ ಸಾಫ್ಟ್‌ವೇರ್ ಹುಡುಗ ಭಾರ್ಗವ್ ಒಪ್ಪಿಕೊಂಡಿದ್ದ. ಕಂಪ್ಯೂಟರನ್ನು ನಡೆಸುವ ಲಿನಕ್ಸ್ ವ್ಯವಸ್ಥೆಯ ಡಿಸ್ಕನ್ನು ಬಿಚ್ಚಿ, ಈ ಪಾಠಕ್ಕೆ ಬೇಕಾದ ವರ್ಚುವಲೈಸೇಷನ್ ಪ್ಯಾಕೇಜುಗಳನ್ನು, ಎಂದರೆ ಸಾಫ್ಟ್‌ವೇರ್ ಕಂತೆಗಳನ್ನು, ತನ್ನ ಲ್ಯಾಪ್‌ಟಾಪಿನಲ್ಲಿ ಇಳಿಸಿಕೊಂಡು, ಅವನ್ನೂ ಸೇರಿಸಿ ಮತ್ತೆ ಕಟ್ಟಿ ತಂದಿದ್ದ.

ಗುಡಿಯ ಯಜಮಾನ ಮುನಿಆಂಜನಪ್ಪನವರೂ ಬಂದು ಕೂತರು. ಆ ಕೊಠಡಿಯನ್ನು ಅಡುಗೆ ಕಂಟ್ರಾಕ್ಟರೊಬ್ಬ ಪಾತ್ರೆ ಇಡಲು ಕೇಳಿದ್ದ. ಈ ಪಾಠ ನಡೆಯದಿದ್ದರೆ ಸಂಜೆಯೇ ಅವನಿಗೆ ಮಾತು ಕೊಡುವುದೆಂದು ಅವರು ಯಮುನಾಗೆ ತಿಳಿಸಿದ್ದರು. ಡಿಸ್ಕಿನ ಕವರಿಗೆ ಕುಂಕುಮ ಹಚ್ಚಿಸಿ, ಹಾಕಿ ನೋಡಿ ಎಂದರು.

ಲಿನಕ್ಸ್ ಚೆನ್ನಾಗಿಯೇ ಕೂತಿತು. ಸೇರಿಸಿದ ಪ್ಯಾಕೇಜುಗಳ ಸರದಿ ಬಂದಾಗ ತಪ್ಪು ತೋರಿಸುವ ಕೆಂಪು ಸಾಲುಗಳು ಪರದೆಯಲ್ಲಿ ಮೂಡಿ ಕೆಲಸ ನಿಂತಿತು. ಭಾರ್ಗವ್ ಆ ಸಾಲುಗಳನ್ನು ಪೂರ್ತಿ ಓದಲಿಲ್ಲ.

"ಮೆಷಿನ್‌ಗಳೇ ಸರಿಯಿಲ್ಲ ಸರ್. ಮೇಡಂ ನೋಡ್ಕೊಂಡು ತರ್ಬೇಕಿತ್ತು. ನನ್ ಲ್ಯಾಪ್‌ಟಾಪಲ್ಲಿ ಇದೇ ಪ್ಯಾಕೇಜ್ ನೀಟಾಗಿ ಕೂತ್ಕೊಳ್ತು."

"ಒಂದೊಂದನ್ನೂ ನೋಡೇ ತಂದಿದೀನಿ," ಎಂದಳು ಯಮುನಾ.

ಮುನಿಆಂಜನಪ್ಪನವರು ಅವಳ ಕಡೆ ತಿರುಗಿದರು. "ಏನಮ್ಮಾ, ಗಂಡು ನೋಡಕ್ ಹೋದೋರಂಗೆ ಬರೀ ಬಣ್ಣ ನೋಡ್ಬಿಟ್ಯಾ? ನಿನ್ನ ನಂಬಿ ದೇವರ ಜಾಗ ಬಿಟ್ಕೊಟ್ಟಿದ್ವಲ್ಲ."

ಬಾಗಿಲಲ್ಲಿದ್ದ ಹುಡುಗಿಯರು ನಕ್ಕರು. ಯಮುನಾ ಡಿಸ್ಕನ್ನು ತೆಗೆದು ಕವರಿಗೆ ಹಾಕಿದಳು.

ಮನೆಗೆ ಹೋದ ಭಾರ್ಗವ್ ತನ್ನ ಮಾತೇ ಸರಿಯೆಂದು ಖಾತ್ರಿ ಮಾಡಿಕೊಳ್ಳಲು, ಅಲ್ಲಿದ್ದ ಹೊಸ ಕಂಪ್ಯೂಟರೊಂದನ್ನು ಪೂರ್ತಿ ಅಳಿಸಿ ಅದೇ ಡಿಸ್ಕಿನ ಇನ್ನೊಂದು ಪ್ರತಿ ಹಾಕಿದ. ಅಲ್ಲೂ ಅದೇ ಕೆಂಪು ಸಾಲುಗಳು. ಈ ಸಲ ಓದಿದ. ಪ್ಯಾಕೇಜುಗಳು ಒಂದಕ್ಕೊಂದು ಆತುಕೊಂಡೇ ನಿಲ್ಲುತ್ತವೆ. ಆಸರೆಯಾಗಬೇಕಿದ್ದ ಚಿಕ್ಕಪುಟ್ಟ ಪ್ಯಾಕೇಜುಗಳು ಅವನ ಲ್ಯಾಪ್‌ಟಾಪಿನಲ್ಲಿ ಮೊದಲೇ ಇದ್ದುದರಿಂದ, ಹೊಸದಾಗಿ ಇಳಿದೇ ಇರಲಿಲ್ಲ, ಡಿಸ್ಕಿಗೂ ಸೇರಿರಲಿಲ್ಲ. ಪರಸ್ಥಳದಲ್ಲಿ ಅಡುಗೆಗೆಂದು ಹೊರಟವಳು ಬೇಳೆ, ಹುಣಸೆ, ಮೆಣಸಿನಕಾಯಿ ಎಲ್ಲ ಗಂಟು ಕಟ್ಟಿ, ಉಪ್ಪು ಬಿಟ್ಟು ಹೋದ ಹಾಗೆ. ತನ್ನ ಒಲೆಯ ಪಕ್ಕ ಉಪ್ಪು ಸದಾ ಇರುತ್ತದೆ. ಅದನ್ನೂ ಹೊರಬೇಕೆಂದು ಹೊಳೆಯುವುದೇ ಇಲ್ಲ.

ಅಳಿಸಿದ ಆ ಕಂಪ್ಯೂಟರಿನಲ್ಲಿ ಮೊದಲೇ ಯಾವುದೂ ಇಲ್ಲದ್ದರಿಂದ, ಅದರಲ್ಲೇ ಚಿಕ್ಕಪುಟ್ಟವು ಸೇರಿದಂತೆ ಎಲ್ಲವನ್ನೂ ಮತ್ತೆ ಇಳಿಸಿ, ಡಿಸ್ಕನ್ನು ಹೊಸದಾಗಿ ಕಟ್ಟಿದ.

ಅವನು ಮರಳಿದಾಗ ಗುಡಿಯಲ್ಲಿ ಸಂಜೆಯ ದೀಪ ಹಚ್ಚುತ್ತಿದ್ದರು. ಕಂಟ್ರಾಕ್ಟರ್ ಆಗಲೇ ಬಂದು ಕೊಠಡಿಯ ಅಗಲ ನೋಡುತ್ತಿದ್ದ. ಯಮುನಾ ಡಿಸ್ಕ್ ತೆಗೆದುಕೊಂಡು ಹಾಕಿದಳು. ಕೆಂಪು ಸಾಲು ಬರಲಿಲ್ಲ. ಸ್ವಲ್ಪ ಹೊತ್ತಿಗೆ ಪರದೆಯೊಳಗೆ ಇನ್ನೊಂದು ಕಂಪ್ಯೂಟರ್ ಎದ್ದು ಕೂತಿತು.

ಮುನಿಆಂಜನಪ್ಪನವರು ಬಗ್ಗಿ ನೋಡಿದರು. ಕಂಟ್ರಾಕ್ಟರಿಗೆ ಬೇರೆ ಜಾಗ ನೋಡಿಕೊಳ್ಳಲು ಹೇಳಿ, ಭಾರ್ಗವನ ಕಡೆ ತಿರುಗಿದರು. "ಕೆಟ್ಟಿದ್ ಮೆಷಿನ್ನೂ ನಡೆಸ್ಬಿಟ್ರಲ್ಲ ಸ್ವಾಮಿ."

ಭಾರ್ಗವ್ ಆ ಹೊಗಳಿಕೆ ಒಪ್ಪಿಕೊಂಡು ಸುಮ್ಮನಿದ್ದರೂ ನಡೆಯುತ್ತಿತ್ತು. ಬೆಳಿಗ್ಗೆ ಯಮುನಾಳನ್ನು ನೋಡಿ ನಕ್ಕಿದ್ದ ಹುಡುಗಿಯರೆಲ್ಲ ಅಲ್ಲೇ ಇದ್ದರು.

"ಮೆಷಿನ್ ಕೆಟ್ಟಿರ್ಲಿಲ್ಲ ಸರ್," ಎಂದು ಭಾರ್ಗವ್ ಮೆಲ್ಲನೆ ಹೇಳಿದ. "ಮೇಡಂ ಸರಿಯಾಗೇ ನೋಡಿ ತಂದಿದ್ರು. ತಪ್ಪು ನನ್ ಡಿಸ್ಕಲ್ಲಿತ್ತು."