ಎಲೆ ತುಂಬ ಬಡಿಸಿದ ಕಂಪ್ಯೂಟರ್

ಕಡಬದ ತೆಂಗು ಬೆಳೆಗಾರರ ಸಂಘಕ್ಕೆ ಕಂಪ್ಯೂಟರ್ ಬಂದದ್ದು ಎರಡು ಸಾವಿರದ ಒಂದರಲ್ಲಿ. ಟೈಪ್‌ರೈಟರ್ ಅಟ್ಟ ಹತ್ತಿತು. ಟೈಪಿಸ್ಟ್ ಸರ್ವಮಂಗಳಮ್ಮನವರ ಜೀವ ಬಾಯಿಗೆ ಬಂತು. ಸೋಮವಾರ ತಮ್ಮೆದುರು ಒಂದು ನೋಟೀಸು ಟೈಪು ಮಾಡಿ ತೋರಿಸದಿದ್ದರೆ ತುಮಕೂರಿನಿಂದ ಬೇರೆ ಹುಡುಗಿಯನ್ನು ಕರೆಸುವುದಾಗಿ ಅಧ್ಯಕ್ಷ ಸಿದ್ದಗಂಗಯ್ಯ ಹೇಳಿಬಿಟ್ಟಿದ್ದರು.

ಕಲಿಸಲು ಕೂತವನು ಆಕೆಯ ಅಕ್ಕನ ಮಗ ಚನ್ನೇಶ, ಗುಬ್ಬಿಯಲ್ಲಿ ಕಂಪ್ಯೂಟರ್ ಕ್ಲಾಸ್ ನಡೆಸುವವನು.

"ಚಿಕ್ಕಮ್ಮ, ಈ ಪುಟ್ಟ ಚಿತ್ರಗಳಿಗೆ ಐಕಾನ್ ಅಂತಾರೆ. ಮೌಸಲ್ಲಿ ಎರಡು ಸಲ ಟಕಟಕ ಅಂದ್ರೆ ಪ್ರೋಗ್ರಾಂ ತೆರ್ಕೊಳ್ಳುತ್ತೆ. ಹಿಡಿದು ಎಳೆದು ಬೇಕಾದ ಕಡೆ ಇಟ್ಕೋಬೋದು."

ಇಟ್ಕೋಬೋದು ಎಂದದ್ದೇ ತಡ, ಮದುವೆ ಮನೆಗಳಲ್ಲಿ ಬಡಿಸಿ ಪಳಗಿದ ಸರ್ವಮಂಗಳಮ್ಮನವರ ಕಣ್ಣಿಗೆ ಪರದೆ ಬಾಳೆಲೆಯಾಗಿ ಕಂಡಿತು. ಎಡತುದಿಗೆ ಉಪ್ಪಿನ ಜಾಗದಲ್ಲಿ ಕ್ಯಾಲ್ಕುಲೇಟರ್, ಪಕ್ಕಕ್ಕೆ ಉಪ್ಪಿನಕಾಯಿಯಂತೆ ಇಸ್ಪೀಟಾಟ, ನಟ್ಟನಡುವೆ ಅನ್ನದ ಜಾಗದಲ್ಲಿ ಕನ್ನಡ ಟೈಪಿಂಗ್. ಕಸದ ಬುಟ್ಟಿ ಮಾತ್ರ ದೂರದ ಮೂಲೆಗೆ ಹೋಯಿತು.

"ಎಂಜಲು ಬುಟ್ಟೀನ ಎಲೆ ಮೇಲೆ ಯಾವನ್ಲಾ ಇಡ್ತಾನೆ?"

ಜೋಡಣೆಯೇನೋ ಚೆಂದವಾಗಿತ್ತು. ಆದರೆ ಎಲ್ಲ ಬಡಿಸುವ ಮುಂಚೆ ಅನ್ನಕ್ಕೆ ಕೈ ಹಾಕಬಾರದೆಂದು ಆಕೆ ಒಂದೂ ಬಿಡದೆ ಅಷ್ಟನ್ನೂ ತೆರೆದಿಟ್ಟು, ಕೊನೆಗೆ ಟೈಪಿಂಗ್ ಮುಟ್ಟುತ್ತಿದ್ದರು.

"ಬೇಕಾದ್ದೊಂದೇ ತೆಗೀರಿ. ಇಲ್ಲಾಂದ್ರೆ ಇದು ಹಿಂಗೆ ಆಡುತ್ತೆ," ಎಂದು ಚನ್ನೇಶ ಕಣ್ಣು ಮೇಲೆ ಮಾಡಿ ಗೊರಗೊರ ಸದ್ದು ತೆಗೆದು ತೋರಿಸಿದ.

"ಸುಮ್ನಿರೋ. ಅರ್ಧ ಬಡಿಸಿದ ಎಲೆ ಮುಂದೆ ಯಾರಾದ್ರೂ ಕೂರ್ತಾರಾ."

ಸೋಮವಾರ ಸಿದ್ದಗಂಗಯ್ಯ ಕುರ್ಚಿ ಎಳೆದು ಕೂತರು. ಚನ್ನೇಶ ಪಕ್ಕದಲ್ಲಿ ನಿಂತ. ಸರ್ವಮಂಗಳಮ್ಮ ಉಪ್ಪಿನಿಂದ ಶುರು ಮಾಡಿ ಸಾಲಾಗಿ ಬಡಿಸುತ್ತ ಹೋದರು. ಅನ್ನ ಬರುವಷ್ಟರಲ್ಲಿ ಪರದೆಯ ಮೇಲೆ ‘ತಡಿ’ ಎನ್ನುವ ಮರಳುಗಡಿಯಾರವೊಂದು ಬಂದು ಕೂತಿತು. ಏಳಲೇ ಇಲ್ಲ.

"ಯಾಕಮ್ಮ, ನಿಂತೋಯ್ತಾ?"

"ಬಡಿಸ್ತಾ ಇದೀನಿ ಸಾರ್."

"ಇದು ಉಣ್ಣೋ ಹಂಗೆ ಕಾಣಲ್ಲ. ಚನ್ನೇಶ, ತುಮಕೂರಿಗೊಂದು ಫೋನ್ ಹಾಕು."

ಚನ್ನೇಶ ಮೆಲ್ಲಗೆ ಅಂದ: "ಚಿಕ್ಕಮ್ಮ, ಇದಿನ್ನೂ ಎಳೇದು. ಅಷ್ಟೊಂದು ತಡ್ಕೊಳ್ಳಲ್ಲ."

ಸರ್ವಮಂಗಳಮ್ಮನವರ ಕೈ ಮೌಸಿನ ಮೇಲೇ ನಿಂತಿತು.

"ಮೊದ್ಲೇ ಹಂಗನ್ಬಾರ್ದಾ? ಹಸುಗೂಸಿಗೆ ಪಂಕ್ತೀಲಿ ಎಲೆ ಹಾಕ್ತಾರೇನೋ? ಮುಂಚೇನೆ ಅನ್ನ ತುಪ್ಪ ಕಲಸಿ ತಿನ್ನಿಸಿಬಿಡ್ತೀವಪ್ಪ."

ಕಂಪ್ಯೂಟರನ್ನು ಆರಿಸಿ ಮತ್ತೆ ಹಾಕಿದರು. ಈ ಸಲ ಉಪ್ಪನ್ನೂ ಮುಟ್ಟಲಿಲ್ಲ, ಉಪ್ಪಿನಕಾಯಿಯನ್ನೂ ಮುಟ್ಟಲಿಲ್ಲ. ನಡುವಿನದಕ್ಕೆ ಎರಡು ಸಲ ಟಕಟಕ. ಬಿಳಿ ಹಾಳೆ ತೆರೆದುಕೊಂಡಿತು. ಆಮೇಲೆ ಬೆರಳುಗಳಿಗೆ ಯಾರೂ ಏನೂ ಕಲಿಸಬೇಕಿರಲಿಲ್ಲ. ಸಿದ್ದಗಂಗಯ್ಯ ಹೇಳುತ್ತಿದ್ದ ನೋಟೀಸು ಅವರ ಬಾಯಿಗಿಂತ ಅರ್ಧ ಮಾತು ಮುಂದೇ ಓಡುತ್ತಿತ್ತು.

ಸಿದ್ದಗಂಗಯ್ಯ ಕನ್ನಡಕ ಏರಿಸಿ ಓದಿದರು. ಇನ್ನೊಮ್ಮೆ ಓದಿದರು.

"ಫೋನ್ ಬೇಡ ಬುಡು ಚನ್ನೇಶ."

ಸರ್ವಮಂಗಳಮ್ಮ ತಲೆ ಎತ್ತಲಿಲ್ಲ. "ಕೆಳಗೆ ಅಧ್ಯಕ್ಷರು ಅಂತ ಹಾಕ್ಲಾ ಸಾರ್, ಕಾರ್ಯದರ್ಶಿ ಅಂತ ಹಾಕ್ಲಾ?"