ಸೇತುವೆ ಕೆಳಗಿನ ಮಡು

ಹೋದ ಬೇಸಿಗೆಲಿ ಮಿಸಿಸಿಪ್ಪಿ ಹೊಳೆಯ ಮೇಲಿನ ತಿರುವಿನ ಊರವರು ದಂಡೇಲಿ ಕೂತು ಕೂತು ಬೆನ್ನು ನೋಯಿಸ್ಕೊಂಡಿದ್ದೇ ಬಂತು. ಒಂದು ಮೀಸೆ ಮೀನೂ ಕಚ್ಚಲಿಲ್ಲ. ಕೆಳಗಿನ ಊರಿನ ಓರ್ಲಿನ್‌ಗೆ ಅದು ತಮಾಷೆ. "ಅವ್ರಿಗೆ ಗಾಳ ಹಾಕೋಕೇ ಬರಲ್ಲ," ಅಂತಿದ್ದ.

ಈಗ ಹೊಳೆ ಹೆಪ್ಪುಗಟ್ಟಿದೆ. ಹಳೇ ರೈಲು ಸೇತುವೆ ಕೆಳಗೆ ಓರ್ಲಿನ್ ಮಂಜುಗಡ್ಡೆ ಕೊರೆದು, ಮೀನು ತೋರಿಸೋ ಯಂತ್ರ ಇಳಿಬಿಟ್ಟು ನೋಡಿದ. ಮಡುವಿನ ತಳದಲ್ಲಿ ಚಪ್ಪಟೆ ತಲೆಯ ದೊಡ್ಡ ದೊಡ್ಡ ಮೀಸೆ ಮೀನು, ಸೌದೆ ಒಟ್ಟಿದ ಹಾಗೆ! ಶುಕ್ರವಾರ ಚರ್ಚಿನ ಹಾಲ್‌ನಲ್ಲಿ ಮೀನೂಟ ಇದೆಯಲ್ಲ, ಊರಿಗೆಲ್ಲ ಆಗುತ್ತೆ ಅಂದ್ಕೊಂಡ.

"ಮುಟ್ಟಬೇಡ," ಅಂದ್ಲು ವೆಲ್ಡಾ. ಗಾಳ, ಎರೆ ಮಾರೋ ಅಂಗಡಿ ಅವಳದೇ. ಓರ್ಲಿನ್ ಹೆಂಡತಿ ಡಾಗ್ನಿ ಜೊತೆ ಕಾಫಿ ಕುಡಿಯೋಕೆ ಬಂದಿದ್ಲು. "ಚಳಿಗಾಲ ಮುಗಿಯೋವರೆಗೂ ಈ ಮೀನು ಹಿಡಿಯೋ ಹಾಗಿಲ್ಲ. ಕೊಕ್ಕೆ ಎಳೆದು ಮೈಗೆ ಚುಚ್ಚಿ ಹಿಡಿಯೋದಂತೂ ಯಾವ ಕಾಲಕ್ಕೂ ಇಲ್ಲ."

"ಗಾಳ ಮಾರೋಳೇ ಗಾಳ ಹಾಕ್ಬೇಡ ಅಂತೀಯಲ್ಲ, ಅಂಗಡಿ ಮುಚ್ತೀಯಾ?"

"ಮೀನೇ ಇಲ್ದಿದ್ರೆ ಮುಚ್ಚಲೇಬೇಕಲ್ಲ."

"ಮೀನಿಲ್ವಾ? ಬಾ, ತೋರಿಸ್ತೀನಿ. ಹೊಳೆ ತುಂಬಿ ತುಳುಕ್ತಿದೆ!"

"ಹೊಳೆ ಅಲ್ಲ ಓರ್ಲಿನ್, ಮಡು ತುಂಬಿದೆ. ಹಿಮಗಾಳಿ ಬೀಸಿದಾಗ ನಾವೆಲ್ಲ ಚರ್ಚಿನ ಹಾಲ್‌ನಲ್ಲಿ ಮಲಗಲ್ವಾ? ಹಾಲ್ ತುಂಬಿದ್ರೆ ಊರಲ್ಲಿ ಜನ ಜಾಸ್ತಿ ಆದ್ರು ಅಂತಾನಾ? ಮನೆಗಳೆಲ್ಲ ಖಾಲಿ ಬಿದ್ದಿರ್ತವೆ. ಇದೂ ಹಂಗೇ. ನೀರು ತಣ್ಣಗಾದ್ರೆ ದೂರ ದೂರದ ಮೀನೆಲ್ಲ ಒಂದೇ ಮಡುವಿಗೆ ಬಂದು ಮಲಗ್ತವೆ. ತಿನ್ನಲ್ಲ, ಓಡಲ್ಲ. ಮೇಲಿನ ತಿರುವಿನೋರು ಹೋದ ಚಳಿಗಾಲದಲ್ಲಿ ತಮ್ಮ ಮಡು ಬಾಚಿ ಬರಿದು ಮಾಡಿದ್ರು. ಅದಕ್ಕೇ ಬೇಸಿಗೆಲಿ ಸುಮ್ನೆ ಕೂತಿದ್ರು."

"ಮೀನು ಬಂದು ನಿನ್ನ ಕಿವೀಲಿ ಹೇಳ್ತಾ?"

ಡಾಗ್ನಿ ನಗಲಿಲ್ಲ. ಮಂಡಿನೋವಿಂದ ಅವಳು ಮಂಜಿನ ಮೇಲೆ ಕಾಲಿಡೋ ಹಾಗಿಲ್ಲ. ಚಳಿಗಾಲವೆಲ್ಲ ಕಿಟಕಿ ಹತ್ರ ಕೂತು, ಕೆಂಪು ದಾರ ಸುತ್ತಿ ಗಾಳ ಕಟ್ತಾಳೆ. ಆಗಸ್ಟ್‌ನಲ್ಲಿ ಇದೇ ಹೊಳೆ ಸೇರೋ ದೂರದ ಕಿರುಹೊಳೇಲಿ ಒಂದು ದೊಡ್ಡ ಮೀನು ಅವಳ ಗಾಳಾನೇ ಕಿತ್ಕೊಂಡು ಹೋಗಿತ್ತು. "ಬರೋ ಜೂನ್‌ಗೆ ಅದು ನಂದು," ಅಂತ ಅವತ್ತಿಂದ ಹೇಳ್ತಾನೇ ಇದ್ಲು. ಅವಳ ಚಳಿಗಾಲ ಸಾಗ್ತಿದ್ದದ್ದೇ ಆ ಒಂದು ಮೀನಿನ ಮೇಲೆ.

ಮಾರನೇ ಬೆಳಗ್ಗೆ ಓರ್ಲಿನ್ ಹೋಗೇ ಹೋದ. ಭಾರದ ಕೊಕ್ಕೆ ಇಳಿಸಿ ಜಗ್ಗಿದ. ಸಿಕ್ತು! ಆದ್ರೆ ಜಗ್ಗಾಟ ಇಲ್ಲ, ಒದ್ದಾಟ ಇಲ್ಲ. ಒದ್ದೆ ಮೂಟೆ ಬಂದ ಹಾಗೆ ಬಂತು. ಬೆನ್ನ ಮೇಲೆ ಹೊಳೆಯ ಕೆಸರು ಕೂತಿತ್ತು. ಅಷ್ಟು ದಿನದಿಂದ ಅಲ್ಲಾಡದೇ ಮಲಗಿತ್ತು ಅದು. ಕೊಕ್ಕೆ ಚುಚ್ಚಿ ಹೊಟ್ಟೆ ಸೀಳಿ ಹೋಗಿತ್ತು.

ದವಡೆ ಕಡೆ ನೋಡಿದ. ತುಕ್ಕು ಹಿಡಿದ ಹಳೇ ಗಾಳ ಒಂದು ಅಲ್ಲೇ ಸಿಕ್ಕೊಂಡಿತ್ತು. ಅದಕ್ಕೆ ಸುತ್ತಿದ್ದು ಕೆಂಪು ದಾರ.

ಇನ್ನೊಂದು ಸಲ ಕೊಕ್ಕೆ ಇಳಿಸದೆ, ಮೀನು ಎತ್ಕೊಂಡು ಮನೆಗೆ ಹೊರಟ.

ಅಡುಗೆಮನೆ ಮೇಜಿನ ಮೇಲೆ ಮೀನು ಇಟ್ಟಾಗ ಡಾಗ್ನಿ ದಾರ ಮುಟ್ಟಿ ನೋಡಿದ್ಲು.

"ನನ್ನ ಗಂಟು," ಅಂದ್ಲು.

"ಕಿರುಹೊಳೆ ಎಲ್ಲಿ, ಸೇತುವೆ ಎಲ್ಲಿ ಡಾಗ್ನಿ! ಅಷ್ಟು ದೂರದಿಂದ ಬಂದಿದೆ..."

"ಮಲಗೋಕೆ ಬಂದಿತ್ತು."

ಬೈದಿದ್ರೆ ಅವನಿಗೆ ಎಷ್ಟೋ ಹಗುರ ಆಗ್ತಿತ್ತು. ಅವಳು ಕಿಟಕಿ ಹತ್ರ ಹೋಗಿ, ಕಟ್ತಿದ್ದ ಗಾಳವನ್ನ ಡಬ್ಬಿಗೆ ಹಾಕಿ ಮುಚ್ಚಿಟ್ಲು.

ಓರ್ಲಿನ್ ತಾನೇ ಮೀನುಗಾರಿಕೆ ಇಲಾಖೆಗೆ ಫೋನ್ ಮಾಡಿ ತಪ್ಪು ಒಪ್ಕೊಂಡ. ಶುಕ್ರವಾರ ಹಾಲ್‌ನಲ್ಲಿ ಬರೀ ಆಲೂಗಡ್ಡೆ ಬೇಯಿಸಿದ್ರು. "ಮೀನೆಲ್ಲಿ ಓರ್ಲಿನ್, ಈಜ್ಕೊಂಡು ಹೋಯ್ತಾ?" ಅಂತ ಯಾರೋ ಕಿಚಾಯಿಸಿದ್ರು. ಅವನು ಎದ್ದು ನಿಂತು, ಕೆಂಪು ದಾರದ ಗಾಳ ಎತ್ತಿ ತೋರಿಸಿ, ನಡೆದದ್ದೆಲ್ಲ ಹೇಳಿದ. ಆಮೇಲೆ ಸೇತುವೆ ಕೆಳಗೆ ಯಾರೂ ಮಂಜು ಕೊರೀಲಿಲ್ಲ.

ಮಂಜು ಕರಗೋ ಹೊತ್ತಿಗೆ ಡಾಗ್ನಿ ಡಬ್ಬಿ ತೆಗೆದ್ಲು. "ಉಳಿದವಾದ್ರೂ ಕಿರುಹೊಳೆಗೆ ಬರ್ತವೆ," ಅಂದ್ಲು. ದಾರ ಹಿಡ್ಕೊಡೋಕೆ ಓರ್ಲಿನ್ ಪಕ್ಕದಲ್ಲೇ ಕೂತಿದ್ದ.

ನಿಮ್ಮ ಹೊಳೇಲೂ ಒಂದು ಮಡು ಇರುತ್ತೆ. ಅಲ್ಲಿ ಮೀನು ರಾಶಿ ಕಂಡ್ರೆ ಹೊಳೆ ತುಂಬಿದೆ ಅನ್ಕೋಬೇಡಿ. ಇಡೀ ಹೊಳೆಯ ಮೀನು ಅಷ್ಟೇ ಇರಬಹುದು. ಹಿಡಿಯೋ ಕಾಲ ಯಾವುದು, ಹಿಡೀಬಾರದ ಕಾಲ ಯಾವುದು ಅಂತ ನಿಮ್ಮೂರ ಮೀನುಗಾರಿಕೆ ಕಚೇರೀಲಿ ಕೇಳಿ ತಿಳ್ಕೊಳ್ಳಿ. ಪಕ್ಕದ ಮನೆಯೋರಿಗೂ ಹೇಳಿ. ಮಲಗಿರೋ ಮೀನನ್ನ ಮಲಗೋಕೆ ಬಿಡಿ. ಬೇಸಿಗೆಲಿ ದಂಡೆ ಮೇಲೆ ಆ ಮೀನಿಗಾಗಿ ಕಾಯೋರು ಇರ್ತಾರೆ.